ಹೋಗುವಾಗಿನ ಗಾಳಿ

ನಾನು ಅಕ್ಕ ಎಂದು ಕರೆಯುವ ನನ್ನ ವಾರಗಿತ್ತಿ ನಮ್ಮೂರಿನ ವಿಮಾನ ನಿಲ್ದಾಣದಲ್ಲಿ ನೆಲ ಒರೆಸುತ್ತಿದ್ದಳು. ನಿಲ್ದಾಣ ಅಂದರೆ ಒಂದು ಹಜಾರ, ಒಂದು ಆಫೀಸು ಕೋಣೆ, ಬಾಗಿಲ ಪಕ್ಕ ನನ್ನ ಚಹಾದ ಮೇಜು. ನನ್ನ ಗಂಡ ತೀರಿಕೊಂಡ ಮೇಲೆ ಆ ಜಾಗ ಕೊಡಿಸಿದವಳೂ ಅವಳೇ. ವಾರಕ್ಕೆರಡು ಸಲ ಗುಡ್ಡದಾಚೆಯ ಊರಿನಿಂದ ಪುಟ್ಟ ವಿಮಾನ ಬಂದು, ಜನರನ್ನು ಇಳಿಸಿ, ಬೇರೆಯವರನ್ನು ಹತ್ತಿಸಿಕೊಂಡು ವಾಪಸ್ಸು ಹೋಗುತ್ತಿತ್ತು.

ಅಲ್ಲಿಂದ ಹೊರಟಿತೆಂದು ಫೋನ್ ಬಂದ ಕೂಡಲೇ ಅಕ್ಕ ಬಕೆಟ್ಟು ಎತ್ತಿಕೊಳ್ಳುತ್ತಿದ್ದಳು. ಹಜಾರ ಒರೆಸಿ, ಕುರ್ಚಿಗಳ ಕಾಲು ಒರೆಸಿ, ಬಟ್ಟೆ ಹಿಂಡಿ ಹಾಕುವಷ್ಟರಲ್ಲಿ ಚಕ್ರ ನೆಲಕ್ಕೆ ತಾಗುತ್ತಿತ್ತು. ಮಗಳನ್ನು ಆ ಊರಿಗೇ ಕೊಟ್ಟಿದ್ದಳು. ಎಷ್ಟು ದೂರ ಎಂದು ಯಾರಾದರೂ ಕೇಳಿದರೆ, ಒಂದು ಸಲ ನೆಲ ಒರೆಸುವಷ್ಟು ಅನ್ನುತ್ತಿದ್ದಳು. ಬಸ್ಸಿನಲ್ಲಾದರೆ ಗುಡ್ಡ ಸುತ್ತಿಕೊಂಡು ಒಂದು ರಾತ್ರಿ, ಒಂದು ಹಗಲು. ವಿಮಾನ ಹೊರಟಿತೋ ಅವಳು ಮನೆಗೆ. ಅದು ಆಚೆ ಯಾವಾಗ ಇಳಿಯಿತೆಂದು ಅವಳು ಕೇಳಿದವಳೇ ಅಲ್ಲ.

ಮಗಳಿಗೆ ಚೊಚ್ಚಲ ಹೆರಿಗೆ. ಅಮ್ಮ ಹೊರಡುವವರೆಗೂ ಆಸ್ಪತ್ರೆಗೆ ಕಾಲಿಡುವುದಿಲ್ಲ ಎಂದು ಹಟ ಹಿಡಿದು ಕೂತಿದ್ದಳು. ವಿಮಾನ ಬರುವ ಹಿಂದಿನ ದಿನವೇ ಬಸ್ಸು ಹತ್ತು ಎಂದು ನಾನು ಹೇಳಿದೆ. ಅಕ್ಕ ನಡುನೋವಿನವಳು, ಕುಲುಕಾಟಕ್ಕೆ ಹೆದರಿದಳು. ನಿಲ್ದಾಣದವರು ಹೇಗೋ ಒಂದು ಸೀಟು ಮಾಡಿಕೊಟ್ಟಿದ್ದರು. ಬಸ್ಸು ಬಿಟ್ಟಳು.

ಮರುದಿನ ಮಗುವಿಗೆಂದು ಹಳೇ ಮೆತ್ತನೆ ಬಟ್ಟೆಗಳ ಗಂಟು ಹಿಡಿದು ಬಂದಳು. ಆ ವಿಮಾನಕ್ಕೆ ಜನರನ್ನೂ ತೂಗಿಯೇ ಹತ್ತಿಸುವುದು. ತೂಕದವನು ಕರೆದಾಗ ಚಪ್ಪಲಿ ಬಿಟ್ಟು ತಕ್ಕಡಿ ಮೇಲೆ ನಿಂತಳು.

"ಚಪ್ಪಲಿ ಬಿಟ್ರೆ ವಿಮಾನಕ್ಕೆ ಹಗುರ ಆಗತ್ತಾ ಅಕ್ಕಾ?"

"ನಿನ್ನ ತಕ್ಕಡಿ ಕೊಳೆ ಆದ್ರೆ ಒರೆಸೋಳು ನಾನೇ ತಾನೇ?"

ಅಷ್ಟರಲ್ಲಿ ಪೈಲಟ್ ಬಂದ. ಗಾಳಿ ಜೋರಾಗಿದೆ, ಹೊತ್ತು ಜಾಸ್ತಿ ಹಿಡಿಯುತ್ತದೆ, ಎಣ್ಣೆ ಜಾಸ್ತಿ ತುಂಬಬೇಕು, ಅದಕ್ಕೆ ಒಬ್ಬರು ಉಳಿಯಬೇಕು ಎಂದ. ಎಲ್ಲರಿಗಿಂತ ಕೊನೆಗೆ ಸೀಟು ಸಿಕ್ಕಿದ್ದು ಅಕ್ಕನಿಗೆ, ಉಳಿಯಬೇಕಾದವಳೂ ಅವಳೇ. ತೂಕದವನು ತಲೆ ತಗ್ಗಿಸಿಕೊಂಡ.

ಇಷ್ಟು ವರ್ಷ ಬಂದ ವಿಮಾನಕ್ಕೆ ಇಲ್ಲದ ಗಾಳಿ ಇವತ್ತೇ ಬಂತಾ ಎಂದು ಅವಳು ಮೆಲ್ಲಗೆ ಕೇಳಿದಳು.

"ಬರೋವಾಗ ಬೆನ್ನಿಗಿರತ್ತೆ ಅಕ್ಕಾ, ತಳ್ಳತ್ತೆ. ಹೋಗೋವಾಗ ಎದುರು," ಎಂದ ಪೈಲಟ್.

ಅಕ್ಕ ಚಪ್ಪಲಿ ಮೆಟ್ಟಿಕೊಂಡಳು. ಗಂಟಿಗೆ ಜಾಗ ಇದೆಯೇ ಎಂದು ಕೇಳಿದಳು. ಇತ್ತು. ಆಫೀಸಿನಿಂದ ಆಚೆಯ ನಿಲ್ದಾಣಕ್ಕೆ ಫೋನ್ ಹಾಕಿಸಿದಳು. ಅಳಿಯ ಅಲ್ಲೇ ಕಾಯುತ್ತಿದ್ದ.

"ಅವಳನ್ನ ಈಗಲೇ ಆಸ್ಪತ್ರೆಗೆ ಸೇರಿಸಪ್ಪಾ. ಅಮ್ಮ ವಿಮಾನ ಹತ್ತಿದಾಳೆ ಅನ್ನು."

ಸುಳ್ಳಾಗುತ್ತದಲ್ಲ ಅತ್ತೆ, ಎಂದನಂತೆ.

"ಗಂಟು ಹತ್ತಿದೆ. ಬಂದ ಮೇಲೆ ಅದನ್ನ ತೋರಿಸು."

ವಿಮಾನ ಹೋಯಿತು. ಮನೆಗೆ ಹೋಗದೆ ಅಕ್ಕ ಬಕೆಟ್ಟು ತೆಗೆದುಕೊಂಡಳು. ಹಜಾರ ಒರೆಸಿದಳು, ಕುರ್ಚಿ ಒರೆಸಿದಳು, ಬಟ್ಟೆ ಹಿಂಡಿದಳು. ಫೋನ್ ಸುಮ್ಮನಿತ್ತು. ಒದ್ದೆ ನೆಲ ಒಣಗಿತು. ನಾನು ಕೊಟ್ಟ ಚಹಾ ಆರಿತು. ಮತ್ತೆ ಬಾಗಿಲ ಕಡೆಯಿಂದ ಶುರು ಮಾಡಿ ಅರ್ಧ ಹಜಾರಕ್ಕೆ ಬಂದಾಗ, ಇಳಿಯಿತು ಎಂದು ಫೋನ್ ಬಂತು. ಮಗಳು ಆಸ್ಪತ್ರೆಯಲ್ಲಿದ್ದಳು.

ಸಂಜೆಯ ಬಸ್ಸಿಗೆ ಹೊರಟಳು. ಬಸ್ಸು ಇನ್ನೂ ಗುಡ್ಡ ಸುತ್ತುತ್ತಿರುವಾಗಲೇ ಹೆರಿಗೆಯಾಗಿತ್ತು, ಹೆಣ್ಣು ಮಗು. ನಡು ಹಿಡಿದುಕೊಂಡು ಅವಳು ಒಳಗೆ ಹೋದಾಗ ಮಗು ಆ ಗಂಟಿನ ಬಟ್ಟೆಯಲ್ಲಿ ಮಲಗಿತ್ತಂತೆ. ಸುಳ್ಳು ಹೇಳಿಸಿದ್ದಕ್ಕೆ ಮಗಳು ಮೂರು ದಿನ ಅವಳ ಜೊತೆ ಮಾತಾಡಲಿಲ್ಲ.

ಈಗಲೂ ಯಾರಾದರೂ ದೂರ ಕೇಳಿದರೆ ಅಕ್ಕ, ಹೋಗುವುದಕ್ಕೋ ಬರುವುದಕ್ಕೋ ಎಂದು ಕೇಳಿಯೇ ಹೇಳುತ್ತಾಳೆ.