ಗಫಾರ್ ಮೇಷ್ಟ್ರ ಕಿವಿ

ಮೊನ್ನೆ ರವಿಕೆ ಹೊಲಿಸಲು ಹೋದಾಗ ಅಂಗಡಿಯಾಕೆ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದಳು. ಆ ತೆಳ್ಳನೆಯ ಎಣ್ಣೆಯ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಾನು ಅಳತೆ ಕೊಡುವುದನ್ನು ಮರೆತು ತುರುವೇಕೆರೆಯ ಒಂದು ಮಹಡಿ ಕೋಣೆಯಲ್ಲಿ ಹೋಗಿ ನಿಂತಿದ್ದೆ. ನಿಮಗೂ ಹೀಗಾಗುತ್ತದೆಯೋ ಏನೋ. ನನ್ನ ಮೂಗಿಗಂತೂ ನನಗಿಂತ ಜ್ಞಾಪಕ ಜಾಸ್ತಿ.

ಆ ಕೋಣೆಯಲ್ಲಿ ಗಫಾರ್ ಮೇಷ್ಟ್ರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಹನ್ನೊಂದು ಟೈಪ್‌ರೈಟರು, ಅವುಗಳಲ್ಲಿ ಮೂರು ಕನ್ನಡದವು. ಮೇಷ್ಟ್ರು ಟೈಪಿಂಗ್ ಕಲಿಸುತ್ತಿದ್ದರು, ಕೆಟ್ಟ ಮಿಷನ್ನುಗಳನ್ನು ತಾವೇ ಬಿಚ್ಚಿ ಎಣ್ಣೆ ಬಿಟ್ಟು ಸರಿಮಾಡುತ್ತಿದ್ದರು. ಊರಿನ ಕಚೇರಿಗಳ ಗುಮಾಸ್ತರಲ್ಲಿ ಅರ್ಧ ಜನ ಅವರ ಶಿಷ್ಯರೇ. ಎರಡು ಸಾವಿರದ ಇಸವಿ ದಾಟುತ್ತಿದ್ದಂತೆ ಬರುವವರೆಲ್ಲ ಟೈಪಿಂಗ್ ಬಿಟ್ಟು ಕಂಪ್ಯೂಟರ್ ಕೇಳತೊಡಗಿದರು. ಮೇಷ್ಟ್ರು ಒಂದು ಹಳೆಯ ಕಂಪ್ಯೂಟರ್ ತಂದಿಟ್ಟು, ಕಲಿಸಲು ನನ್ನನ್ನು ಇಟ್ಟುಕೊಂಡರು. ನಾನು ಬಿಎಸ್ಸಿ ಮುಗಿಸಿ, ತಿಪಟೂರಿನಲ್ಲಿ ಆರು ತಿಂಗಳ ಕೋರ್ಸ್ ಮಾಡಿ, ದಂಡಿನಶಿವರದಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದೆ. ಕೋರ್ಸಿನ ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಮಾಡಿಸಿದ್ದೆ ಎಂದರೆ ನನ್ನ ಜಂಬವನ್ನು ನೀವೇ ಊಹಿಸಿಕೊಳ್ಳಿ.

ಮೊದಲಿಗೆ ಆ ಕಂಪ್ಯೂಟರಿನ ಮುಂದೆ ಮೇಷ್ಟ್ರು ಕೂತದ್ದು ಒಂದೇ ಸಲ. ಯಾವುದೋ ಪತ್ರಿಕೆಯ ಜೊತೆ ಬಂದ ಸಿ.ಡಿ.ಯಲ್ಲಿ ಯಾವುದೋ ದೇಶದವರು ಮಾಡಿದ, ಕನ್ನಡವೂ ಸೇರಿ ಹಲವು ಲಿಪಿಗಳನ್ನು ಬರೆಯುವ ಪುಟ್ಟ ತಂತ್ರಾಂಶವೊಂದಿತ್ತು. ಅದನ್ನು ಹಾಕಿ, "ಹೊಡೀರಿ ಮೇಷ್ಟ್ರೇ" ಎಂದೆ. ಅವರು ಕೀಲಿಮಣೆ ನೋಡದೆ, ಮೂವತ್ತು ವರ್ಷದ ರೂಢಿಯಂತೆ ತಮ್ಮ ಹೆಸರು ಹೊಡೆದರು. ತೆರೆಯ ಮೇಲೆ ಯಾವ ಭಾಷೆಗೂ ಸೇರದ ಅಕ್ಷರಗಳು ಬಂದವು. ಅದರಲ್ಲಿ ಅಕ್ಷರಗಳ ಜಾಗ ಟೈಪ್‌ರೈಟರಿನಂತೆ ಇರಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

ಮೇಷ್ಟ್ರು ನಿಧಾನವಾಗಿ ಎದ್ದರು. "ನನ್ ಬೆರಳಿಗೆ ಗೊತ್ತಿರೋದನ್ನೆಲ್ಲ ಮರ್ತುಬುಡು ಅಂತದೆ ಕಣಮ್ಮ ಇದು. ಈ ವಯಸ್ನಲ್ಲಿ ಮತ್ತೆ ಅಆಇಈ ಯಾರ್ ಕಲೀತಾರೆ?" ಎಂದು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ. ತಮ್ಮದೇ ಇನ್‌ಸ್ಟಿಟ್ಯೂಟಿನಲ್ಲಿ ಅವರು ಆ ಗಳಿಗೆ ನಿರಕ್ಷರಿಯಾಗಿದ್ದರು, ಮಾಡಿದವಳು ನಾನು.

ಆ ತಂತ್ರಾಂಶದ ವಿಶೇಷವೆಂದರೆ ಅದರ ಒಳಗನ್ನು ಯಾರು ಬೇಕಾದರೂ ತೆರೆದು ತಿದ್ದಬಹುದಿತ್ತು. ಹಾಗಾದರೆ ಟೈಪ್‌ರೈಟರಿನ ಅಕ್ಷರಗಳ ಜಾಗವನ್ನೇ ಅದಕ್ಕೆ ಕಲಿಸಿದರಾಯಿತಲ್ಲ! ಯಾವ ಕೀಲಿಗೆ ಯಾವ ಅಕ್ಷರ ಎಂದು ಪಟ್ಟಿ ಬರೆದು ಸೇರಿಸಲು ಎರಡು ದಿನ ಸಾಕಾಯಿತು. ತೊಡಕಾದದ್ದು ಆಮೇಲೆ. ತಿದ್ದಿದ ಮೇಲೆ ಇಡೀ ತಂತ್ರಾಂಶವನ್ನು ಮತ್ತೆ ಕಟ್ಟಬೇಕು, ಆ ಕಟ್ಟುವ ಕೆಲಸ ಮಾಡುವುದು ಮೇಕ್ ಎಂಬ ಇನ್ನೊಂದು ಉಪಕರಣ. ಕೊಬ್ಬರಿ ಮಾಡುವಾಗ ಅಟ್ಟದ ಮೇಲಿನ ತೆಂಗಿನಕಾಯಿ ಒಣಗದೆ ಸುಲಿಯುವಂತಿಲ್ಲ, ಸುಲಿಯದೆ ಕರಟ ಒಡೆಯುವಂತಿಲ್ಲ. ಹೀಗೆ ಯಾವುದರ ಹಿಂದೆ ಯಾವುದು ಎಂದು ನಾವು ಒಂದು ಕಡತದಲ್ಲಿ ಬರೆದುಕೊಟ್ಟರೆ ಅದು ಅದೇ ಕ್ರಮದಲ್ಲಿ ಕೆಲಸ ಮುಗಿಸುತ್ತದೆ. ಬರೆಯುವುದು ಹೇಗೆ ಎಂದು ಹೇಳುವವರು ಮಾತ್ರ ಯಾರೂ ಇರಲಿಲ್ಲ. ತಂತ್ರಾಂಶದ ಜೊತೆಗಿದ್ದ ಟಿಪ್ಪಣಿಯಲ್ಲಿ ಇದ್ದದ್ದು ಮೂರು ಸಾಲು: ಮೇಕ್ ಎಂದು ಹೊಡೆಯಿರಿ; ಆಗದಿದ್ದರೆ ಕಡತ ಸರಿಪಡಿಸಿ; ಕೈಪಿಡಿ ಸದ್ಯದಲ್ಲೇ ಬರಲಿದೆ. ಟಿಪ್ಪಣಿ ಬರೆದು ಆಗಲೇ ಮೂರು ವರ್ಷವಾಗಿತ್ತು.

ತಿಪಟೂರಿನ ಸೈಬರ್ ಕೆಫೆಯಲ್ಲಿ ಹುಡುಕಿ ಎರಡು ಪುಟದ ಮಾದರಿಯೊಂದನ್ನು ಪ್ರಿಂಟ್ ಹಾಕಿಸಿ ತಂದೆ. ಮನೆಯಲ್ಲಿ ಊಟಕ್ಕೆ ಕೂತಾಗಲೂ ಆ ಹಾಳೆ ಪಕ್ಕದಲ್ಲಿ. "ಏನೇ ಅದು?" ಎಂದು ಅವ್ವ ಕೇಳಿದಳು. "ಮೇಕ್ ಕಲೀತಾ ಇದೀನಿ ಕಣವ್ವ" ಎಂದೆ. "ಇರೋ ಎಮ್ಮೆಗೇ ಮೇವು ಸಾಲಲ್ಲ, ಮೇಕೆ ಬೇರೆ ಕೇಡು!" ಎಂದಳು.

ಮೇಕೆಯಾದರೂ ವಾಸಿಯಿತ್ತು, ಸೊಪ್ಪು ಹಾಕಿದರೆ ತಿನ್ನುತ್ತದೆ. ಇದು ನಾನು ಏನು ಬರೆದರೂ ಹದಿನೇಳನೇ ಸಾಲಿನಲ್ಲಿ ನಿಂತುಬಿಡುತ್ತಿತ್ತು. 'ಮಿಸ್ಸಿಂಗ್ ಸೆಪರೇಟರ್. ಸ್ಟಾಪ್.' ನಡುವೆ ಇರಬೇಕಾದ್ದೇನೋ ಇಲ್ಲ, ನಿಲ್ಲು. ಏನಿಲ್ಲ ಎಂದು ಹೇಳಬಾರದೇ? ಅಲ್ಪವಿರಾಮ ಹಾಕಿದೆ, ಅರ್ಧವಿರಾಮ ಹಾಕಿದೆ, ಗೀಟು ಎಳೆದೆ. ಸ್ಟಾಪ್. ಪ್ರಿಂಟಿನ ಹಾಳೆಯನ್ನು ಅಕ್ಷರಕ್ಕಕ್ಷರ ತಾಳೆ ಹಾಕಿ ನೋಡಿದೆ, ಒಂದು ಚುಕ್ಕೆಯೂ ತಪ್ಪಿರಲಿಲ್ಲ. ಕರೆಂಟು ಇದ್ದಷ್ಟು ಹೊತ್ತು ಅದರ ಮುಂದೆ ಕೂತು ಒಂಬತ್ತು ದಿನ ಕಳೆದೆ. ವಿಚಿತ್ರವೆಂದರೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಗುತ್ತಿತ್ತು. ಕಣ್ಣೆದುರೇ ಇದ್ದು ಕಾಣದಂಥದ್ದು ಏನಿರಬಹುದು?

ಹತ್ತನೆಯ ದಿನ ಆ ಸಾಲನ್ನು ಅಳಿಸಿ ಮತ್ತೆ ಬರೆಯುತ್ತಿದ್ದೆ. ಮೇಷ್ಟ್ರು ಕಿಟಕಿಯ ಹತ್ತಿರ ನನಗೆ ಬೆನ್ನು ಹಾಕಿ ಕೂತು ಒಂದು ಟೈಪ್‌ರೈಟರಿನ ಒಳಗೆ ಎಣ್ಣೆ ಬಿಡುತ್ತಿದ್ದರು. ತಿರುಗದೆಯೇ ಕೇಳಿದರು.

"ಯಾಕಮ್ಮ, ಸ್ಪೇಸ್ ಬಾರ್‌ನ ಎಂಟ್ ಸಲ ಬಡೀತೀಯ? ಟ್ಯಾಬ್ ಇಲ್ವಾ ಅದ್ರಲ್ಲಿ?"

ಮಾದರಿಯಲ್ಲಿ ಆ ಸಾಲು ಎಂಟು ಅಕ್ಷರದಷ್ಟು ಜಾಗ ಬಿಟ್ಟು ಶುರುವಾಗುತ್ತಿತ್ತು. ನಾನು ಎಂಟು ಸಲ ಸ್ಪೇಸ್ ಒತ್ತಿದ್ದೆ. ಸದ್ದಿನಲ್ಲೇ ಅವರು ಎಣಿಸಿದ್ದರು.

"ಎರಡೂ ಒಂದೇ ಮೇಷ್ಟ್ರೇ, ಖಾಲಿ ಜಾಗ ತಾನೆ" ಎಂದೆ, ಲ್ಯಾಮಿನೇಷನ್ನಿನ ದನಿಯಲ್ಲಿ.

"ನೋಡೋರಿಗೆ ಒಂದೇ ಕಣಮ್ಮ. ಮಿಷನ್‌ಗೆ ಒಂದಲ್ಲ."

ಅವರ ಮನಸ್ಸಿಗೆ ನೋವಾಗದಿರಲೆಂದು ಎಂಟೂ ಸ್ಪೇಸ್ ಅಳಿಸಿ, ಒಂದೇ ಏಟಿಗೆ ಅಷ್ಟೂ ಜಾಗ ಹಾರಿಸುವ ಟ್ಯಾಬ್ ಕೀಲಿಯನ್ನು ಒಮ್ಮೆ ಒತ್ತಿದೆ. ಮೇಕ್ ಎಂದು ಹೊಡೆದೆ. ಹದಿನೇಳನೇ ಸಾಲು ದಾಟಿತು. ಇಷ್ಟು ದಿನ ಅದು ಇಲ್ಲ ಇಲ್ಲ ಎನ್ನುತ್ತಿದ್ದದ್ದು ಆ ಒಂದು ಟ್ಯಾಬನ್ನೇ. ತೆರೆಯ ತುಂಬ ಸಾಲುಗಳು ಇರುವೆಯಂತೆ ಮೇಲಕ್ಕೆ ಹರಿಯತೊಡಗಿದವು. ನಾನು ಕೂತಲ್ಲೇ ಕಿರುಚಿದೆ. ಮೇಷ್ಟ್ರು ಎಣ್ಣೆಯ ಡಬ್ಬಿ ಹಿಡಿದುಕೊಂಡೇ ಓಡಿಬಂದರು, "ಏನಾಯ್ತು, ಶಾಕ್ ಹೊಡೀತಾ?" ಎಂದು.

ತಂತ್ರಾಂಶ ಕಟ್ಟಿ ಮುಗಿದ ಮೇಲೆ ಕೈ ಒರೆಸಿಕೊಂಡು ಅವರು ಕೂತರು. ಈ ಸಲ ಹೆಸರು ಹೊಡೆಯಲಿಲ್ಲ. ಮೂವತ್ತು ವರ್ಷ ಶಿಷ್ಯರಿಗೆ ಅಭ್ಯಾಸಕ್ಕೆ ಕೊಡುತ್ತಿದ್ದ ರಜಾ ಅರ್ಜಿಯನ್ನು, 'ಮಾನ್ಯರೇ' ಎಂಬಲ್ಲಿಂದ 'ತಮ್ಮ ವಿಧೇಯ'ದವರೆಗೆ, ಒಂದೇ ಉಸಿರಿಗೆ ಹೊಡೆದು ಮುಗಿಸಿದರು. ಬೆಂಚಿನವರೆಲ್ಲ ಎದ್ದು ಬಂದು ಸುತ್ತ ನಿಂತಿದ್ದರು, ಯಾರೂ ನಗಲಿಲ್ಲ. ಮೇಷ್ಟ್ರು ತೆರೆಯನ್ನು ಓದಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, "ಎರಡು ಒತ್ತಕ್ಷರ ತಪ್ಪು ಜಾಗದಲ್ಲಿ ಅವೆ. ಸರಿಮಾಡು" ಎಂದರು.

ಆಮೇಲೆ ಸುಮ್ಮನಿರಲಾರದೆ ಕೇಳಿದೆ: "ನೀವೇ ಬರೆದ ಟೈಪಿಂಗ್ ಪಾಠದ ಪುಸ್ತಕದಲ್ಲಿ ಟ್ಯಾಬಿನ ಮಾತೇ ಇಲ್ಲವಲ್ಲ ಮೇಷ್ಟ್ರೇ?"

ಅವರು ಪುಸ್ತಕ ತೆಗೆದು ಹಾಳೆ ತಿರುವಿದರು. "ಇಲ್ವಾ? ಕೈಗೆ ತಾನಾಗೇ ಬತ್ತದೆ, ಬರಿಯೋದೇನು ಅನ್ಕಂಡಿದ್ನೇನೋ." ಪುಸ್ತಕ ಮುಚ್ಚಿಟ್ಟು, "ಆ ಕೈಪಿಡಿಯೋನೂ ಹಂಗೇ ಅನ್ಕಂಡಿರ್ತಾನೆ ಬುಡು ಪಾಪ. ನೀನಾದ್ರೂ ಬರೆದಿಡು" ಎಂದರು.

ಬರೆದೆ, ಕನ್ನಡದಲ್ಲಿ, ಎರಡು ಪುಟ. ಮೇಷ್ಟ್ರೇ ಟೈಪ್ ಮಾಡಿದರು. ತಂತ್ರಾಂಶ ಬರೆದವರಿಗೆ ಕಳಿಸಿದ್ದಕ್ಕೆ ಎಷ್ಟೋ ತಿಂಗಳ ಮೇಲೆ ಉತ್ತರ ಬಂತು: ನನಗೆ ಈ ಲಿಪಿ ಓದಲು ಬರುವುದಿಲ್ಲ, ಆದರೆ ತಂತ್ರಾಂಶದ ಜೊತೆಯಲ್ಲಿ ಇಟ್ಟಿದ್ದೇನೆ.

ಮೇಷ್ಟ್ರು ಈಗಿಲ್ಲ. ನಾನು ಪಾಲಿಟೆಕ್ನಿಕ್ ಒಂದರಲ್ಲಿ ಕಂಪ್ಯೂಟರ್ ಕಲಿಸುತ್ತೇನೆ, ಲ್ಯಾಬಿನ ಕೈಪಿಡಿ ನಾನೇ ಬರೆದದ್ದು, ತಕ್ಕಮಟ್ಟಿಗೆ ಹೆಮ್ಮೆಯೂ ಇದೆ. ಹೊಲಿಗೆ ಅಂಗಡಿಗೆ ಹೋಗಿಬಂದ ಮರುದಿನ ಹಂದನಕೆರೆಯ ಹುಡುಗಿಯೊಬ್ಬಳು ಆ ಕೈಪಿಡಿ ಹಿಡಿದುಕೊಂಡು ಬಂದು, "ಮಿಸ್, ಈ ಕಮಾಂಡ್‌ನ ಯಾವ ಫೋಲ್ಡರಲ್ಲಿ ಇದ್ಕೊಂಡು ಹೊಡೀಬೇಕು ಅಂತ ಬರ್ದೇ ಇಲ್ವಲ್ಲ?" ಎಂದಳು. ಅಷ್ಟೂ ಗೊತ್ತಾಗಲ್ವಾ ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ನುಂಗಿಕೊಂಡು ಕುರ್ಚಿ ಎಳೆದು ಅವಳನ್ನು ಕೂರಿಸಿದೆ, ಪೆನ್ನು ತೆಗೆದುಕೊಂಡೆ.

"ಇನ್ನೂ ಏನೇನು ಬರೆದಿಲ್ಲ, ಹೇಳಮ್ಮ."

ಬೆಲ್ ಹೊಡೆಯುವಷ್ಟರಲ್ಲಿ ಏಳು ಸಿಕ್ಕಿದ್ದವು.