ವಾಣದಲ್ಲಿ ಬಂದ ಫಾರ್ಮು

ಅವ್ವನ ಕಪಾಟಿನ ಕೆಳಗಿನ ಖಾನೆಯಲ್ಲಿ ಹಳೆಯ ಪ್ಲಾಸ್ಟಿಕ್ ಫೈಲೊಂದು ಸಿಕ್ಕಿತು. ನಾನು ಹುಡುಕುತ್ತಿದ್ದದ್ದು ನನ್ನ ಜನ್ಮದಾಖಲೆಯನ್ನು. ನಲವತ್ತು ದಾಟಿದ ಮೇಲೆ ನನಗೂ ಬುದ್ಧಿ ಬಂದು, ಕ್ಯಾನ್ಸರಿಗೆಂದು ಒಂದು ಪಾಲಿಸಿ ಮಾಡಿಸುವವಳಿದ್ದೆ. ಫೈಲಿನ ಮೂಲೆಯಲ್ಲಿ ಅರಿಷಿಣ ಒಣಗಿ ಹೋಗಿತ್ತು, ಅದರ ಪಕ್ಕ ಕುಂಕುಮದ ಬೆರಳಚ್ಚು. ತೆರೆದೊಡನೆ ಕರ್ಪೂರ, ಎಳ್ಳು, ಹಳೆ ಕಾಗದ ಎಲ್ಲ ಸೇರಿದ ವಾಸನೆ... ದಾಖಲೆ ಮರೆತು ನೆಲದ ಮೇಲೇ ಕೂತುಬಿಟ್ಟೆ. ವಿಮಾ ಮಾವಶಿ ನೆನಪಾದಳು, ಒಬ್ಬಳೇ ನಕ್ಕೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾವು ಪುಣೆ ಪಕ್ಕದ ಚಿಂಚವಾಡದ ಕಾಲನಿಯಲ್ಲಿದ್ದೆವು, ಅಪ್ಪ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಎದುರಿನ ಬಿಲ್ಡಿಂಗಿನ ಮಾವಶಿ ಬಾಗಲಕೋಟೆ ಕಡೆಯವಳು, ವಿಮೆಯ ಏಜೆಂಟ್. ಅದಕ್ಕೇ ನಾವು ಹುಡುಗರೆಲ್ಲ ಅವಳನ್ನು ಮರಾಠಿಯಲ್ಲಿ ವಿಮಾ ಮಾವಶಿ, ಅಂದರೆ ವಿಮೆಯ ಚಿಕ್ಕವ್ವ, ಎನ್ನುತ್ತಿದ್ದೆವು. ಸೆರಗನ್ನು ಸೊಂಟಕ್ಕೆ ಬಿಗಿದು ಮೊಪೆಡ್ ಮೇಲೆ ಊರೆಲ್ಲ ಸುತ್ತುತ್ತಿದ್ದಳು. ತರಕಾರಿಯವನ ಜೊತೆ ಮರಾಠಿಯಲ್ಲಿ ಜಗಳ, ನಮ್ಮ ಜೊತೆ ಕನ್ನಡದಲ್ಲಿ ಹರಟೆ, ಎರಡಕ್ಕೂ ಒಂದೇ ಎತ್ತರದ ದನಿ. ಪೆನ್ನನ್ನು ತುರುಬಿನಲ್ಲಿ ಸಿಕ್ಕಿಸಿಕೊಂಡು, ಆಮೇಲೆ ಅದನ್ನೇ ಮನೆತುಂಬ ಹುಡುಕುತ್ತಿದ್ದಳು. ಯಾರಾದರೂ ತಲೆ ಕಡೆ ಕೈ ತೋರಿಸಿದರೆ ಎಲ್ಲರಿಗಿಂತ ಮೊದಲು ಅವಳೇ ನಗುತ್ತಿದ್ದಳು.

ಮೊಪೆಡ್ ಸದ್ದು ಕೇಳಿದೊಡನೆ ಅಪ್ಪ ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ನುಗ್ಗಿ ಚಿಲಕ ಹಾಕಿಕೊಳ್ಳುತ್ತಿದ್ದ. ಮಾವಶಿ ಹೊರಗಿನಿಂದಲೇ ಅವನಿಗೂ, ತಾನು ಅತ್ತಿಗೆ ಎಂದು ಕರೆಯುವ ಅವ್ವನಿಗೂ ಕೇಳುವಂತೆ ಕೂಗುತ್ತಿದ್ದಳು.

"ಆರಾಮ ಸ್ನಾನ ಮಾಡ್ರಿ ಅಣ್ಣಾರ. ನನಗೇನ್ ಅವಸರ ಇಲ್ಲ. ವೈನಿ, ಇನ್ನೊಂದ್ ಕಪ್ ಚಹಾ ಇಡ್ರಿ!"

ಹೀಗೆ ದಿನಕ್ಕೆ ಎರಡೆರಡು ಸಲ ಸ್ನಾನ ಮಾಡಿ ಮಾಡಿ ಅಪ್ಪ ಕೊನೆಗೆ ಸೋತು ತನ್ನ ಹೆಸರಿಗೊಂದು ಪಾಲಿಸಿ ಮಾಡಿಸಿದ.

ಅವ್ವ ಮಾತ್ರ ಜಗ್ಗಲಿಲ್ಲ. ಕ್ಯಾನ್ಸರ್ ಬಂದರೆ ಒಂದೇ ಗಂಟಿನಲ್ಲಿ ಹಣ ಕೊಡುವ ಪಾಲಿಸಿಯೊಂದನ್ನು ಮಾವಶಿ ಹೊತ್ತು ತಂದ ದಿನ, ಅವ್ವ ಒಲೆ ಆರಿಸಿ ಎದ್ದು ನಿಂತಳು. "ಆ ಹೆಸರು ನಮ್ಮ ಮನ್ಯಾಗ ತಗೀಬ್ಯಾಡ್ರಿ ಅಕ್ಕಾರ," ಎಂದಳು. ಅವತ್ತು ಮಾವಶಿಗೆ ಮೊದಲನೇ ಕಪ್ ಚಹಾವೂ ಸಿಗಲಿಲ್ಲ.

ಅವ್ವನ ಸಿಟ್ಟಿಗೆ ಕಾರಣವಿತ್ತು, ನನಗೂ ಅರ್ಧಂಬರ್ಧ ಗೊತ್ತಿತ್ತು. ಅವಳ ಅಕ್ಕ, ನನ್ನ ದೊಡ್ಡವ್ವ, ಎದೆಯ ಗಡ್ಡೆಯಿಂದ ತೀರಿಕೊಂಡಿದ್ದಳು. ಊರಿಗೆ ಹೇಳಿದ್ದು ಹೊಟ್ಟೆನೋವು ಎಂದು. ಮನೆತನದಲ್ಲೇ ಆ ರೋಗ ಇದೆಯೆಂದು ಸುದ್ದಿಯಾದರೆ ನಮ್ಮನ್ನೆಲ್ಲ ಯಾರು ಮದುವೆಯಾಗುತ್ತಾರೆ ಎಂಬ ಹೆದರಿಕೆ. ಆಗಲೇ ನನಗೆ ಗಂಡು ನೋಡುವ ಮಾತು ಶುರುವಾಗಿತ್ತು.

ಮುಂದಿನ ಸಂಕ್ರಾಂತಿಗೆ ಮಾವಶಿ ಕಾಲನಿಯ ಹೆಂಗಸರನ್ನೆಲ್ಲ ಅರಿಷಿಣ-ಕುಂಕುಮಕ್ಕೆ ಕರೆದಳು. ಪುಣೆಯಲ್ಲಿ ಹಾಗೆ ಬಂದ ಮುತ್ತೈದೆಯರಿಗೆ ಎಳ್ಳುಂಡೆಯ ಜೊತೆ ಏನಾದರೊಂದು ಚಿಕ್ಕ ವಸ್ತು ಕೊಡುತ್ತಾರೆ, ಅದಕ್ಕೆ ವಾಣ ಎನ್ನುತ್ತಾರೆ. ವಾಣವನ್ನು ಬೇಡ ಎನ್ನುವ ಹಾಗಿಲ್ಲ. ಎಲ್ಲರಿಗೂ ಒಂದೊಂದು ಸ್ಟೀಲ್ ಬಟ್ಟಲು ಸಿಕ್ಕಿತು. ಅವ್ವನ ಕೈಗೆ ಮಾತ್ರ ಬಟ್ಟಲಿನ ಕೆಳಗೆ ಖಣದಲ್ಲಿ ಸುತ್ತಿದ ಇನ್ನೊಂದೇನೋ ಬಂತು. ಅವ್ವ ಭಕ್ತಿಯಿಂದ ಕಣ್ಣಿಗೊತ್ತಿಕೊಂಡಳು. ಮನೆಗೆ ಬಂದು ಬಿಚ್ಚಿದರೆ ಕುಪ್ಪಸದ ಬಟ್ಟೆಯೊಳಗೆ ಪ್ಲಾಸ್ಟಿಕ್ ಫೈಲು, ಫೈಲಿನೊಳಗೆ ಅದೇ ಪಾಲಿಸಿಯ ಫಾರ್ಮು!

ಅವ್ವ ಕೆಂಡವಾದಳು. ಆದರೆ ಕಣ್ಣಿಗೊತ್ತಿಕೊಂಡ ವಾಣವನ್ನು ತಿರುಗಿ ಕೊಡುವುದು ಹೇಗೆ? ಕಸಕ್ಕೆ ಹಾಕುವುದಂತೂ ದೂರದ ಮಾತು. ಬೈಯುತ್ತಲೇ ಅದನ್ನು ದೇವರ ಮುಂದಿಟ್ಟು, ರೂಢಿಯಂತೆ ಅರಿಷಿಣ-ಕುಂಕುಮ ಹಚ್ಚಿದಳು. ನಾಲ್ಕು ದಿನ ಪೂಜೆ ಮಾಡುವಾಗಲೆಲ್ಲ ಅದನ್ನೇ ನೋಡಿದಳು, ಒಮ್ಮೆ ಅಕ್ಕನ ಹೆಸರೂ ಬಾಯಿಗೆ ಬಂತು. ಐದನೆಯ ದಿನ, "ಹೋಗು, ಆ ನಿನ್ನ ಮಾವಶೀನ್ನ ಕರಕೊಂಡು ಬಾ," ಎಂದು ನನ್ನನ್ನೇ ಕಳಿಸಿದಳು.

ಮಾವಶಿ ಬಂದು ಅಡುಗೆಮನೆಯಲ್ಲಿ ಚಾಪೆ ಮೇಲೆ ಕೂತಳು. ಹೆಸರು, ವಯಸ್ಸು ಎಲ್ಲ ಸಲೀಸಾಗಿ ಆಯಿತು. ಮನೆಯವರಲ್ಲಿ ಯಾರಿಗಾದರೂ ಈ ರೋಗ ಇತ್ತೇ ಎಂಬ ಕಾಲಂ ಬಂತು.

"ಇಲ್ಲ ಅಂತ ಬರೀರಿ," ಎಂದಳು ಅವ್ವ, ತುಸು ಜೋರಾಗಿಯೇ.

ಮಾವಶಿ ಅವಳ ಮುಖ ನೋಡಿದಳು. ಪೆನ್ನನ್ನು ತಿರುಗಿ ತುರುಬಿಗೆ ಸಿಕ್ಕಿಸಿದಳು. "ವೈನಿ, ಸುಳ್ಳು ಬರದ್ರ ಈಗ ಭಾಳ ಹಗುರ ಆಗ್ತದ. ಕಷ್ಟ ಬಂದಾಗ ಕಂಪನಿಯವರು ಇದೊಂದ ಗೆರಿ ಹಿಡಕೊಂಡು ಕೈ ಎತ್ತತಾರ. ಖರೆ ಹೇಳ್ರಿ, ಇಲ್ಲಂದ್ರ ಫಾರ್ಮ್ ಹರದು ಹಾಕ್ತೀನಿ."

ಅವ್ವ ಎದ್ದು ಅಡುಗೆಮನೆಯ ಬಾಗಿಲು ಮುಚ್ಚಿ ಬಂದಳು. ಆಮೇಲೆ ಪಿಸುದನಿಯಲ್ಲಿ ದೊಡ್ಡವ್ವನ ಸಂಗತಿ ಹೇಳಿದಳು. ಹೇಳುತ್ತ ಅತ್ತಳು. ಊರ ಸುದ್ದಿಯೆಲ್ಲ ಮೊಪೆಡ್ ಮೇಲೆ ಹೊತ್ತು ತಿರುಗುವವಳ ಮುಂದೆ ಮಗಳ ಮದುವೆಯನ್ನೇ ಒತ್ತೆ ಇಟ್ಟ ಹಾಗಿತ್ತು ಅದು.

"ನನ್ನ ಬಾಯಿ ದೊಡ್ಡದು, ಹೌದ್ರಿ," ಎಂದಳು ಮಾವಶಿ. "ಆದ್ರ ಫಾರ್ಮಿನ್ಯಾಗಿಂದು ಎಂದೂ ಬಾಯಿಂದ ಹೊರಗ ಬಿದ್ದಿಲ್ಲ."

ಕಂಪನಿಯವರು ತಪಾಸಣೆ ಮಾಡಿಸಿ, ಕಂತು ಸ್ವಲ್ಪ ಹೆಚ್ಚಿಗೆ ಹಚ್ಚಿ ಪಾಲಿಸಿ ಕೊಟ್ಟರು. ಖರೆ ಹೇಳಿದ್ದಕ್ಕೆ ದಂಡ ಎಂದು ಅವ್ವ ವರ್ಷವರ್ಷವೂ ಗೊಣಗಿದಳು. ಮರುವರ್ಷ ನನ್ನ ಮದುವೆಯಾಯಿತು. ಬೀಗರ ಕಡೆಯ ಹೆಂಗಸರ ನಡುವೆ ಕೂತು ಮಾವಶಿ ಎರಡು ದಿನ ಎಡೆಬಿಡದೆ ಮಾತಾಡಿದಳು. ಅವ್ವ ದೂರದಿಂದ ಅವಳ ತುಟಿಗಳನ್ನೇ ನೋಡುತ್ತಿದ್ದಳು... ಆ ಮಾತು ಹೊರಬೀಳಲಿಲ್ಲ. ಅವತ್ತೂ ಇಲ್ಲ, ಮುಂದೆಂದೂ ಇಲ್ಲ.

ಆರು ವರ್ಷದ ಮೇಲೆ ಅವ್ವನ ಎದೆಯಲ್ಲೂ ಗಡ್ಡೆ ಕಂಡಿತು. ಈ ಸಲ ಯಾರೂ ಹೊಟ್ಟೆನೋವು ಎನ್ನಲಿಲ್ಲ. ಅವ್ವ ತಾನೇ ಡಾಕ್ಟರಿಗೆ ಅಕ್ಕನ ಕಥೆಯನ್ನೂ ಹೇಳಿದಳು, ಅವರು ಬರೆದುಕೊಂಡರು. ಕಂಪನಿಯವರು ಆ ಕಾಗದ ತರಿಸಿ ಹಳೆಯ ಫಾರ್ಮಿಗೆ ಹೋಲಿಸಿ ನೋಡಿದರು. ಎರಡರಲ್ಲೂ ಒಂದೇ ಮಾತಿತ್ತು. ಹಣ ಬಂತು. ಅಪ್ಪ ಯಾರ ಬಾಗಿಲಿಗೂ ಹೋಗಬೇಕಾಗಲಿಲ್ಲ, ಅವ್ವನ ಬಳೆಗಳು ಅವ್ವನ ಕೈಯಲ್ಲೇ ಉಳಿದವು.

ಮಾವಶಿ ದಿನಾ ಆಸ್ಪತ್ರೆಗೆ ಬರುತ್ತಿದ್ದಳು. ಅವ್ವನಿಗೆಂದು ತಂದ ಶೇಂಗಾ ಹೋಳಿಗೆಯಲ್ಲಿ ಅರ್ಧ ತಾನೇ ತಿನ್ನುತ್ತಿದ್ದಳು. ಅವ್ವ ಮನೆಗೆ ಬರುವಷ್ಟರಲ್ಲಿ ಇಬ್ಬರು ನರ್ಸಮ್ಮಂದಿರ ಪಾಲಿಸಿ ಮಾಡಿಸಿ ಮುಗಿಸಿದ್ದಳು! ಹೊಲಿಗೆ ನೋಯುತ್ತದೆ, ನಗಿಸಬೇಡ್ರಿ ಎಂದು ಅವ್ವ ಕೈ ಮುಗಿಯುತ್ತಿದ್ದಳು.

ಅವ್ವ ಗುಣವಾದಳು. ಮಾವಶಿ ಹೋಗಿ ಕೆಲವು ವರ್ಷಗಳಾದವು. ಯಾವ ಪಾಲಿಸಿಗೂ ಕೆಲಸ ಕೊಡದೆ ಒಂದು ಮಧ್ಯಾಹ್ನ ಮಲಗಿದವಳು ಏಳಲಿಲ್ಲ. ಮುತ್ತೈದೆ ಹೋದಳೆಂದು ಹೆಂಗಸರು ಉಡಿ ತುಂಬಿದರು. ಅವ್ವನ ಸರದಿ ಬಂದಾಗ ಅವಳು ಅಕ್ಕಿ, ಕಾಯಿ ಹಾಕಿ, ಬಾಗಿ, ಮಾವಶಿಯ ತುರುಬಿನಲ್ಲಿ ಒಂದು ಪೆನ್ನು ಸಿಕ್ಕಿಸಿದಳು. ಅಳುತ್ತಿದ್ದವರೆಲ್ಲ ಒಂದು ಕ್ಷಣ ನಕ್ಕುಬಿಟ್ಟರು.

ದಾಖಲೆ ಕೊನೆಗೂ ಸಿಕ್ಕಿತು. ಸಂಜೆ ಪಾಲಿಸಿಯ ಹುಡುಗ ಫೋನ್ ಮಾಡಿದ. ನಾನು ಅವನ ಮುಖ ನೋಡಿಲ್ಲ, ಅವನು ನಮ್ಮ ಮನೆಯ ಚಹಾ ಕುಡಿದಿಲ್ಲ. ಮನೆಯವರ ರೋಗದ ಕಾಲಮಿಗೆ ಇಲ್ಲ ಎಂದು ಹಾಕಿದರೆ ಕೆಲಸ ಬೇಗ ಆಗುತ್ತದೆ ಮೇಡಂ ಎಂದ.

"ಹೌದು ಅಂತ ಬರೀರಿ. ತಾಯಿ, ದೊಡ್ಡವ್ವ, ಇಬ್ಬರಿಗೂ," ಎಂದೆ. ಪಿಸುದನಿ ಮಾಡಲಿಲ್ಲ. ಅವನಿಗೆ ಕನ್ನಡ ಬಾರದೆಂದು ಆಮೇಲೆ ನೆನಪಾಗಿ ಮರಾಠಿಯಲ್ಲಿ ಇನ್ನೊಮ್ಮೆ ಹೇಳಿದೆ.

ಕೆಲವು ದಿನಕ್ಕೆ ಪಾಲಿಸಿ ಫೋನಿಗೇ ಬಂತು. ಅವ್ವ ಒಪ್ಪಲಿಲ್ಲ, ಪ್ರಿಂಟ್ ತೆಗೆಸಿದಳು. ದೇವರ ಮುಂದಿಟ್ಟು ಕುಂಕುಮ ಹಚ್ಚಿ, "ಆಕಿ ಇದ್ದಿದ್ರ ಈಗ..." ಎಂದು ನಿಲ್ಲಿಸಿದಳು.

"ಎರಡನೇ ಕಪ್ ಚಹಾ ಕೇಳ್ತಿದ್ಲು," ಎಂದೆ.

ಇಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೆ ಅವ್ವ ಎದ್ದು ಚಹಾಕ್ಕೆ ಇಟ್ಟಳು. ಅವ್ವ ನನಗೆ ಇನ್ನೂ ಇದ್ದಾಳೆ. ಇರುವಂತೆ ಮಾಡಿದವಳು ಇಲ್ಲ.