ಉಪ್ಪಕ್ಕನ ಎರಡನೇ ಚಮಚ

ಬೆಳಗಿನ ಐದೂ ಕಾಲು. ತಗಡಿನ ಛಾವಣಿಯ ಶೆಡ್ಡಿನಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಕನ್ನಡಕದ ಮೇಲೆ ಇನ್ನೊಂದು ಪ್ಲಾಸ್ಟಿಕ್ ಕನ್ನಡಕ ಏರಿಸಿಕೊಂಡ ಹೆಂಗಸೊಬ್ಬರು ಗಾಜಿನ ಲೋಟವನ್ನು ದೀಪಕ್ಕೆ ಹಿಡಿದಿದ್ದಾರೆ. ಲೋಟದಲ್ಲಿರುವುದು ಚೀಲದಿಂದ ಚಿಟಿಕೆ ಹರಳು ತೆಗೆದು ಕರಗಿಸಿದ ನೀರು. ಅದಕ್ಕೆ ಚಿಕ್ಕ ಚಮಚದಲ್ಲಿ ಕಾಸ್ಟಿಕ್ ಸೋಡಾ ನೀರು ಬೀಳುತ್ತದೆ. ಲೋಟ ಹಾಲಿನಂತೆ ಬೆಳ್ಳಗಾಗುತ್ತದೆ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈತೊಳೆದುಕೊಂಡು ಚಹಾಕ್ಕೆ ಹೋಗುತ್ತಿದ್ದರು. ಇವರು ದೊಡ್ಡ ಚಮಚ ಎತ್ತಿಕೊಂಡು ಅದೇ ಸೋಡಾ ನೀರನ್ನು ಮತ್ತೆ ಸುರಿಯುತ್ತಾರೆ, ಕಲಕುತ್ತಾರೆ, ಕಾಯುತ್ತಾರೆ. ಲೋಟ ಬೆಳ್ಳಗೇ ಉಳಿಯುತ್ತದೆ. ಆಗ ಮಾತ್ರ ಚೀಲದ ಮೇಲೆ ಸೀಮೆಸುಣ್ಣದ ಗೀಟು ಬೀಳುತ್ತದೆ.

ಇವರನ್ನು ಎಲ್ಲರೂ ಕರೆಯುವುದು ಉಪ್ಪಕ್ಕ ಎಂದು. ವಯಸ್ಸು ಐವತ್ತನಾಲ್ಕು, ಓದಿದ್ದು ಏಳನೇ ಕ್ಲಾಸು. ಇಪ್ಪತ್ತೆರಡು ವರ್ಷದಿಂದ ಈ ಸಣ್ಣ ಕಾರ್ಖಾನೆಯಲ್ಲಿ ಎಪ್ಸಮ್ ಉಪ್ಪು ಪರೀಕ್ಷಿಸುವುದು, ಪ್ಯಾಕ್ ಮಾಡಿಸುವುದು ಇವರ ಕೆಲಸ. ದಿನಕ್ಕೆ ಅರವತ್ತು ಚೀಲ, ಅರವತ್ತು ಲೋಟ. ಇವರು ಹನ್ನೊಂದು ದಿನ ರಜೆ ಹಾಕಿದಾಗ ಒಂದು ಚೀಲ ಕಣ್ತಪ್ಪಿ ಹೋಯಿತು. ಅದರ ಒಂದು ಪೊಟ್ಟಣ ಯಾರದೋ ಮನೆ ಸೇರಿ, ಯಾರದೋ ಜೀವಕ್ಕೆ ಕುತ್ತು ತರುವುದರಲ್ಲಿತ್ತು. ಆ ಕತೆ ಹೇಳುವ ಮುಂಚೆ ಉಪ್ಪಿನ ಕತೆ ಹೇಳಬೇಕು.

ಹೆಸರಿಗೆ ಉಪ್ಪು, ನಾಲಿಗೆಗೆ ಕಹಿ. ಅಡುಗೆಮನೆಗೂ ಇದಕ್ಕೂ ಸಂಬಂಧವಿಲ್ಲ. ಮ್ಯಾಗ್ನಸೈಟ್ ಎಂಬ ಬಿಳಿ ಕಲ್ಲನ್ನು ಪುಡಿಮಾಡಿ, ನೀರು ಬೆರೆಸಿದ ಗಂಧಕಾಮ್ಲಕ್ಕೆ ಸ್ವಲ್ಪ ಸ್ವಲ್ಪವೇ ಸುರಿಯುತ್ತಾರೆ. ತೊಟ್ಟಿ ಬುಸುಗುಟ್ಟಿ ನೊರೆಯುಗುಳುತ್ತದೆ. ಸೋಸಿ ತಣ್ಣಗಾಗಲು ಬಿಟ್ಟರೆ ಸೂಜಿಯಂಥ ಹರಳು ಕಟ್ಟುತ್ತದೆ. ಅದೇ ಮೆಗ್ನೀಷಿಯಂ ಸಲ್ಫೇಟ್. ಒಂದೊಂದು ಕಣದ ಜೊತೆ ಏಳು ಕಣ ನೀರು ಅಂಟಿಕೊಂಡಿರುತ್ತದೆ. ಹೀಗಾಗಿ ಒಂದು ಕಿಲೋ ಒಣ ಹರಳಿನಲ್ಲಿ ಅರ್ಧ ಕಿಲೋಗಿಂತ ತುಸು ಹೆಚ್ಚು ನೀರೇ. "ನೀರು ಮಾರ್ತೀರಾ ಅಂತ ನನ್ನ ತಮ್ಮ ರೇಗಿಸ್ತಾನೆ," ಎನ್ನುತ್ತಾರೆ ಉಪ್ಪಕ್ಕ. "ಒಣಗಿಸೋವಾಗ ಬಿಸಿ ಜಾಸ್ತಿ ಆಯ್ತೋ, ತನ್ನ ನೀರಲ್ಲಿ ತಾನೇ ಕರಗಿ ಗಂಜಿ ಆಗುತ್ತೆ. ಕೋಪಿಷ್ಠರ ಥರ. ತಣ್ಣಗಿಟ್ಟಷ್ಟು ಒಳ್ಳೇದು."

ಉಪಯೋಗವೋ, ಕೇಳುವುದೇ ಬೇಡ. ಎಲೆಯ ನರ ಹಸಿರಾಗಿದ್ದು ನಡುವೆ ಹಳದಿಯಾದ ಗಿಡಕ್ಕೆ ಹಾಕುತ್ತಾರೆ. ಎಲೆಯ ಹಸಿರಿಗೆ ಮೆಗ್ನೀಷಿಯಂ ಬೇಕೇ ಬೇಕು. ನಿಂತು ನಿಂತು ಸೋತ ಕಾಲಿಗೆ ಬಿಸಿನೀರಿನಲ್ಲಿ ಕರಗಿಸುತ್ತಾರೆ. ಮಲಬದ್ಧತೆಗೆ ಕುಡಿಯುತ್ತಾರೆ. ಅದು ಕರುಳಿಗೆ ನೀರೆಳೆದು ಹೊಟ್ಟೆ ಸಡಿಲ ಮಾಡುತ್ತದೆ. ಆದರೆ ತನ್ನ ಸರಕನ್ನು ಹೊಗಳುವುದರಲ್ಲಿ ಉಪ್ಪಕ್ಕ ಪಕ್ಕಾ ಜಿಪುಣಿ. "ಕಾಲುನೋವು ಹೋಗೋದು ಉಪ್ಪಿಂದಲೋ ಬಿಸಿನೀರಿಂದಲೋ ದೇವರಿಗೇ ಗೊತ್ತು. ಅರ್ಧ ಗಂಟೆ ಕೂತ್ಕೋತಾರಲ್ಲ, ಅದ್ರಿಂದಾನೂ ಇರಬಹುದು. ಗಾಯ ಇದ್ರೆ, ಸಕ್ಕರೆ ಕಾಯಿಲೆ ಇದ್ದು ಪಾದ ಮರಗಟ್ಟಿದ್ರೆ ಡಾಕ್ಟರನ್ನ ಕೇಳದೆ ಕಾಲಿಡಬೇಡಿ ಅಂತೀನಿ. ಕುಡಿಯೋರು ಅಳತೆ ಮೀರಬಾರದು. ಕಿಡ್ನಿ ತೊಂದರೆ ಇರೋರಂತೂ ಮುಟ್ಟಲೇಬಾರದು. ಒಳಗೆ ಹೋಗಿದ್ದನ್ನ ಆಚೆ ಹಾಕೋದು ಕಿಡ್ನಿ ತಾನೇ? ಅದೇ ಸುಸ್ತಾಗಿದ್ರೆ ಉಪ್ಪು ಮೈಯಲ್ಲೇ ಕೂತ್ಕೊಳ್ಳುತ್ತೆ."

ಈ ಕೊನೆಯ ಮಾತು ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಬೇಕೆಂದು ಹಟ ಹಿಡಿದವರೂ ಇವರೇ. "ಚಿತ್ರಕ್ಕೆ ಜಾಗವೇ ಉಳಿಯಲ್ಲಮ್ಮ," ಎಂದು ಕಾರ್ಖಾನೆಯ ಯಜಮಾನರು ಗೊಣಗಿದ್ದರು. "ಚಿತ್ರ ನೋಡಿ ಯಾರೂ ಬದುಕಲ್ಲ ಯಜಮಾನ್ರೇ," ಎಂದಿದ್ದರು ಉಪ್ಪಕ್ಕ. ಯಜಮಾನರು ಸೋತರು.

ಮೊದಲು ಇವರು ಲಾಂಡ್ರಿಯೊಂದರಲ್ಲಿ ಬಟ್ಟೆ ಒಗೆಯುತ್ತಿದ್ದರು. ಸೋಡಾ ನೀರಿಗೆ ಬೆರಳು ಬಿರುಕು ಬಿಟ್ಟು ಕೆಲಸ ಬಿಡಬೇಕಾಯಿತು. ಇಲ್ಲಿಗೆ ಬಂದಾಗ ಕೈಗವಸು ಕೊಟ್ಟರು. "ಅಷ್ಟಕ್ಕೇ ನಾನು ಇಲ್ಲೇ ನಿಂತೆ ಅನ್ನಿ," ಎಂದು ನಗುತ್ತಾರೆ. ಲೋಟದ ಪರೀಕ್ಷೆ ಕಲಿಸಿದವರು ಆಗ ಇಲ್ಲಿದ್ದ ಮುದಿ ಕೆಮಿಸ್ಟ್. ಶೆಡ್ಡಿನ ಬಲಕ್ಕೆ ಎಪ್ಸಮ್ ಉಪ್ಪು, ಎಡಕ್ಕೆ ಬೆಳೆಗೆ ಹಾಕುವ ಜಿಂಕ್ ಸಲ್ಫೇಟ್. ಎರಡೂ ಹರಳು ಪಕ್ಕಪಕ್ಕ ಇಟ್ಟರೆ ಅವಳಿಜವಳಿ, ಹೆತ್ತ ತೊಟ್ಟಿಗೂ ಗುರುತು ಸಿಗುವುದಿಲ್ಲ. ಜಿಂಕ್ ಚಮಚಗಟ್ಟಲೆ ಹೊಟ್ಟೆಗೆ ಹೋದರೆ ಕರುಳು ಸುಟ್ಟು, ವಾಂತಿಯಾಗಿ, ಜೀವವೇ ಹೋಗಬಹುದು. ಕಾಸ್ಟಿಕ್ ನೀರಿನ ಮೊದಲ ಚಮಚಕ್ಕೆ ಎರಡೂ ಬೆಳ್ಳಗಾಗುತ್ತವೆ. ಎರಡನೇ ಚಮಚಕ್ಕೆ ಮೆಗ್ನೀಷಿಯಂ ಬೆಳ್ಳಗೇ ಉಳಿಯುತ್ತದೆ, ಜಿಂಕ್ ಮಾತ್ರ ಕರಗಿ ನೀರು ತಿಳಿಯಾಗುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಇಲ್ಲಿ ದಿನಕ್ಕೆ ಅರವತ್ತು ಸಲ ನೆನಪಾಗುತ್ತದೆ.

ಇನ್ನು ಆ ರಜೆಯ ವಿಷಯ. ತುಂಬು ಬಸುರಿಯಾಗಿದ್ದ ಮಗಳಿಗೆ ಇದ್ದಕ್ಕಿದ್ದಂತೆ ಬಿಪಿ ಏರಿತು. ಆಸ್ಪತ್ರೆಗೆ ಓಡಿದರು. ನರ್ಸ್ ತೂಗುಹಾಕಿದ ಔಷಧದ ಬಾಟಲಿ ಮೇಲಿನ ಚೀಟಿಯನ್ನು ಉಪ್ಪಕ್ಕ ಅಕ್ಷರ ಕೂಡಿಸಿ ಓದಿದರು: ಮೆಗ್ನೀಷಿಯಂ ಸಲ್ಫೇಟ್. "ನಮ್ಮ ಉಪ್ಪು ನನ್ನ ಮಗಳ ನರದೊಳಗೆ! ನರ್ಸಮ್ಮ ಹೇಳಿದ್ರು, ಇದು ನಿಮ್ಮ ಚೀಲದ್ದಲ್ಲಮ್ಮ, ಸೂಜಿಗೆ ಅಂತಾನೇ ಬೇರೆ ಶುದ್ಧ ಮಾಡಿರ್ತಾರೆ, ಫಿಟ್ಸ್ ಬರದ ಹಾಗೆ ತಡೆಯೋಕೆ ಅಂತ." ಆ ನರ್ಸ್ ಗಂಟೆಗೊಮ್ಮೆ ಬಂದು ಮಗಳ ಮೊಣಕಾಲಿಗೆ ಪುಟ್ಟ ಸುತ್ತಿಗೆಯಿಂದ ತಟ್ಟುತ್ತಿದ್ದಳು. ಔಷಧ ಹೆಚ್ಚಾದರೆ ಮೊದಲು ಕಾಲು ಜಿಗಿಯುವುದು ನಿಲ್ಲುತ್ತದೆ, ಆಮೇಲೆ ಉಸಿರು ನಿಧಾನವಾಗುತ್ತದೆ. "ಪ್ರತಿ ಸಲ ಕಾಲು ಜಿಗೀತಿತ್ತು. ಆದ್ರೂ ಅವಳು ಮತ್ತೆ ಬಂದು ತಟ್ಟೋಳು. ಇವಳೂ ಎರಡನೇ ಚಮಚದ ಜಾತಿಯೋಳೇ ಅಂದ್ಕೊಂಡೆ," ಎನ್ನುತ್ತಾರೆ. ಮೊಮ್ಮಗಳು ಹುಟ್ಟಿದಳು, ಎರಡೂವರೆ ಕಿಲೋ. ತಾಯಿ ಮಗು ಇಬ್ಬರೂ ಕ್ಷೇಮ.

ಹನ್ನೆರಡನೇ ದಿನ ಬೆಳಗ್ಗೆ ಕೆಲಸಕ್ಕೆ ಬಂದವರು ಚಹಾ ಕೂಡ ಕುಡಿಯದೆ ಮಾದರಿ ಬಾಟಲಿಗಳ ಕಪಾಟು ತೆರೆದರು. ರಜೆಯಲ್ಲಿ ತುಂಬಿದ ಒಂದೊಂದು ಚೀಲದಿಂದಲೂ ತೆಗೆದಿಟ್ಟ ಹರಳು ಅಲ್ಲಿತ್ತು. ಒಂದೊಂದಕ್ಕೂ ಎರಡು ಚಮಚ. ಮಧ್ಯಾಹ್ನದ ಹೊತ್ತಿಗೆ ಒಂದು ಲೋಟ ಬೆಳ್ಳಗಾಯಿತು, ಮತ್ತೆ ಕಣ್ಣೆದುರೇ ತಿಳಿಯಾಯಿತು. ಎಡಬದಿಯ ಜಿಂಕ್ ಚೀಲವೊಂದು ಬಲಕ್ಕೆ ಸೇರಿಬಿಟ್ಟಿತ್ತು. ಪರೀಕ್ಷೆ ಬರೆದಿಡುವ ಪುಸ್ತಕದಲ್ಲಿ ಆ ಚೀಲದ ಮುಂದೆ "ಬಿಳಿ. ಸರಿ." ಎಂದು ಬರೆದಿತ್ತು. ಬರೆದವನು ಚೀಲ ಹೊಲಿಯುವ ಯಂತ್ರದ ಹೊಲಿಗೆಯಣ್ಣ. ಉಪ್ಪಕ್ಕನಿಲ್ಲದಾಗ ಪರೀಕ್ಷೆ ಅವನ ಪಾಲಿಗೆ ಬಂದಿತ್ತು.

"ಬೆಳ್ಳಗಾಯ್ತು, ಬರೆದೆ ಅಕ್ಕಾ," ಎಂದ ಅವನ ಮುಖ ಸುಣ್ಣವಾಗಿತ್ತು. "ಎರಡನೇ ಚಮಚ ನಿನ್ನ ಅಭ್ಯಾಸ ಅಂದ್ಕೊಂಡಿದ್ದೆ. ಯಾಕೆ ಅಂತ ನೀನು ಯಾವತ್ತು ಹೇಳಿದೀಯ?"

ಇಪ್ಪತ್ತೆರಡು ವರ್ಷದಲ್ಲಿ ಉಪ್ಪಕ್ಕ ಯಾರಿಗೂ ಹೇಳಿರಲಿಲ್ಲ. "ನನ್ನೊಬ್ಬಳಿಗೇ ಗೊತ್ತು ಅನ್ನೋ ಜಂಬ ಇತ್ತು, ಸುಳ್ಳು ಯಾಕೆ ಹೇಳಲಿ," ಎನ್ನುತ್ತಾರೆ.

ಆ ಚೀಲದಿಂದ ಐವತ್ತು ಪೊಟ್ಟಣ ತುಂಬಿದ್ದರು. ಇಪ್ಪತ್ತಾರು ಗೋದಾಮಿನಲ್ಲೇ ಇದ್ದವು. ಇಪ್ಪತ್ತನಾಲ್ಕು ಔಷಧಿ ಅಂಗಡಿಗೆ ಹೋಗಿದ್ದವು. ಫೋನ್ ಮಾಡಿದರೆ ಅಂಗಡಿಯವರು ಎಣಿಸಿ, "ಇಪ್ಪತ್ತಮೂರಿದೆ ಅಕ್ಕ. ಒಂದನ್ನ ಮೊನ್ನೆ ರಿಟೈರಾದ ಬಸ್ ಡ್ರೈವರ್ ತಗೊಂಡ್ರು. ಹೊಟ್ಟೆ ಕಟ್ಟಿದೆ, ಕುಡಿಯೋಕೆ ಅಂದ್ರು," ಎಂದರು.

ಅಂಗಡಿಯವರು ಹೇಳಿದ ಗುರುತು ಹಿಡಿದು ಉಪ್ಪಕ್ಕ ಹೊಲಿಗೆಯಣ್ಣನ ಬೈಕಿನಲ್ಲಿ ನೀರಿನ ಟ್ಯಾಂಕಿನ ಹಿಂದಿನ ಓಣಿಗೆ ಹೋದರು. ಬಾಗಿಲು ತೆರೆದ ಡ್ರೈವರ ಹೆಂಡತಿಗೆ ನಮಸ್ಕಾರ ಹೇಳುವ ವ್ಯವಧಾನವೂ ಇವರಿಗಿರಲಿಲ್ಲ.

"ಅಮ್ಮಾ, ಉಪ್ಪು ಕುಡಿದ್ರಾ ನಿಮ್ಮ ಯಜಮಾನ್ರು?"

"ಎಲ್ಲಿ ಬಿಟ್ಟೆ ನಾನು! ಇವರಿಗೆ ಕಿಡ್ನಿ ತೊಂದರೆ. ಪೊಟ್ಟಣದ ಮೇಲೆ ಅಷ್ಟು ದಪ್ಪಕ್ಕೆ ಬರೆದಿಲ್ವೇ? ಡಾಕ್ಟರನ್ನ ಕೇಳೋವರೆಗೂ ಬೇಡ ಅಂತ ಬೀರುವಿನಲ್ಲಿಟ್ಟು ಬೀಗ ಹಾಕಿದೀನಿ. ಮೂರು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದಾರೆ."

ಒಳಗಿನಿಂದ ದನಿ ಬಂತು: "ಮೂವತ್ತು ವರ್ಷ ಬಸ್ಸು ಓಡಿಸಿದೋನಿಗೆ ಒಂದು ಬೀರುವಿನ ಬೀಗದ ಕೈ ಕೊಡಲ್ಲ ಅಂತಾಳೆ!"

ಉಪ್ಪಕ್ಕನಿಗೆ ಹೋದ ಜೀವ ಬಂದಂತಾಯಿತು. ಮೆಟ್ಟಿಲ ಮೇಲೆ ಕುಸಿದು ಕೂತು ಅಳುತ್ತ ನಕ್ಕರು, ನಗುತ್ತ ಅತ್ತರು. ಹೊಲಿಗೆಯಣ್ಣ ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡ. ಡ್ರೈವರು ಹೊರಬಂದು, ನಡೆದದ್ದೆಲ್ಲ ಕೇಳಿ, ಹೆಂಡತಿಯ ಮುಖ ನೋಡಿ, "ಒಂದು ಲೋಟ ಕಾಫಿ ಕೊಡ್ತೀಯಾ?" ಎಂದರಂತೆ. ಮೂರು ದಿನದ ಮುನಿಸು ಅಲ್ಲಿಗೆ ಮುಗಿಯಿತು.

ಈಗ ಶೆಡ್ಡಿನ ನಡುವೆ ಗೋಡೆ ಎದ್ದಿದೆ. ಜಿಂಕ್ ತುಂಬಲು ನೀಲಿ ಬಣ್ಣದ ಚೀಲ ಬಂದಿದೆ. ಪರೀಕ್ಷೆಯ ಮೇಜಿನ ಮೇಲೆ ಎರಡು ಚಮಚದ ಚಿತ್ರ, ಕೆಳಗೆ ಯಾಕೆ ಎಂಬ ಕಾರಣ. ಬರೆದದ್ದು ಉಪ್ಪಕ್ಕನೇ, ಅಕ್ಷರ ಸ್ವಲ್ಪ ಸೊಟ್ಟ. ವಾರಕ್ಕೊಬ್ಬರಂತೆ ಎಲ್ಲರಿಗೂ ಲೋಟ ಹಿಡಿಸಿ ಕಲಿಸುತ್ತಿದ್ದಾರೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಕೈಗವಸು ಕೊಡವುತ್ತ ಯೋಚಿಸುತ್ತಾರೆ.

"ನಾನು ರಜೆ ಹಾಕಿದ್ದು ಉಪ್ಪಿಗೆ ಗೊತ್ತಾಗಬಾರದು. ಅಷ್ಟೇ."

ಇವತ್ತು ಅರ್ಧ ದಿನದ ರಜೆ, ಮೊಮ್ಮಗಳಿಗೆ ಚುಚ್ಚುಮದ್ದಿದೆ. ಉಪ್ಪಕ್ಕ ಪ್ಲಾಸ್ಟಿಕ್ ಕನ್ನಡಕ ತೆಗೆದಿಟ್ಟು ಬಾಗಿಲ ತನಕ ಹೋಗುತ್ತಾರೆ, ನಿಲ್ಲುತ್ತಾರೆ. ಹಿಂದೆ ಮೇಜಿನ ಬಳಿ ಹೊಲಿಗೆಯಣ್ಣ ಲೋಟವನ್ನು ದೀಪಕ್ಕೆ ಹಿಡಿದಿದ್ದಾನೆ.

"ಎರಡನೇದೂ ಹಾಕಿದೆ ಅಕ್ಕಾ," ಅವನು ತಿರುಗದೆಯೇ ಹೇಳುತ್ತಾನೆ. "ಬೆಳ್ಳಗೇ ಇದೆ. ನೀನು ಹೊರಡು."